ಲೇಬರ್ ಡೇ ಮುಗಿದ ಮೇಲೆ ಹೋಗಿ: ಸೆಪ್ಟೆಂಬರ್ ಖರೀದಿಯ ನನ್ನ ಅನುಭವ

ಈ ಬೇಸಿಗೆಯಲ್ಲಿ ನಮ್ಮ ಮನೆಯ ನಾಲ್ಕು ಜನಕ್ಕೆ ಒಂದೇ ಒಂದು ಹೊಸ ಬಟ್ಟೆ ಕೊಳ್ಳಲಿಲ್ಲ. ಮೇ ತಿಂಗಳಲ್ಲಿ ಬೇಸ್‌ಮೆಂಟಿನಿಂದ ಮೂರು ಡಬ್ಬ ಮೇಲೆ ತಂದೆ, ತೆರೆದೆ, ಅಷ್ಟೇ. ಶಾರ್ಟ್ಸ್, ಟೀ ಶರ್ಟ್, ಮಗಳ ಫ್ರಾಕ್, ಯಜಮಾನರ ಲಿನನ್ ಶರ್ಟ್ ಎಲ್ಲ ಅದರಲ್ಲೇ ಇತ್ತು. ಎಲ್ಲವೂ ಹೋದ ಸೆಪ್ಟೆಂಬರ್‌ನಲ್ಲಿ, ಲೇಬರ್ ಡೇ (ಅಮೆರಿಕದ ಕಾರ್ಮಿಕರ ದಿನದ ರಜೆ) ಕಳೆದ ಮೇಲೆ ಅಂಗಡಿಗಳು ಉಳಿದ ಬೇಸಿಗೆ ಬಟ್ಟೆಯ ಬೆಲೆ ಇಳಿಸಿದಾಗ, ಮುಂದಿನ ಬೇಸಿಗೆಗೆ ಎಂದು ಕೊಂಡಿಟ್ಟದ್ದು. ಖರ್ಚು ನನಗೆ ನೆನಪಿರುವ ಹಾಗೆ 410 ಡಾಲರ್ ಆಸುಪಾಸು. ಎರಡು ಸೆಟ್ ಬೆಡ್‌ಶೀಟ್, ಒಂದು ಡಜನ್ ಟವೆಲ್, ಮಗನ ಹಾಸಿಗೆಯ ಮೇಲೆ ಹಾಕುವ ಫೋಮ್ ಟಾಪರ್ ಕೂಡ ಅದರಲ್ಲೇ ಬಂತು.

ಇದು ಆಗುವ ಕೆಲಸ ಅಲ್ಲ ಎಂದು ಎಲ್ಲರೂ ಹೇಳಿದ್ದರು. ಗೆಳತಿಯರು, "ನವೆಂಬರ್‌ನ ಬ್ಲ್ಯಾಕ್ ಫ್ರೈಡೇ ಸೇಲ್‌ವರೆಗೆ ಕಾಯ್ರೀ, ಸುಮ್ನೆ ಯಾಕೆ ಅವಸರ" ಅಂದರು. ಅಮ್ಮ ಫೋನಿನಲ್ಲಿ, "ಅಲ್ಲ ಕಣೇ, ಬೆಳೆಯೋ ಮಕ್ಕಳಿಗೆ ಮುಂದಿನ ವರ್ಷದ ಬಟ್ಟೆ ಈಗಲೇ ತಗೋತಾರಾ?" ಅಂತ ಕೇಳಿದರು. ಅಮ್ಮನ ಮಾತಿನಲ್ಲಿ ಸತ್ಯ ಇತ್ತು. ಮೊದಲ ವರ್ಷ ನಾನು ಕಳೆದುಕೊಂಡದ್ದು ಅಲ್ಲೇ.

ಮೊದಲ ವರ್ಷದ ಕಥೆ ಹೇಳುತ್ತೇನೆ. ನಾವಿರುವುದು ನ್ಯೂಜೆರ್ಸಿಯಲ್ಲಿ, ಎಡಿಸನ್ ಕಡೆ. ದೊಡ್ಡ ಮಾಲ್‌ಗಳು ಇರುವ ಕಡೆಯೇ ಹೋಗೋಣ ಎಂದು ಲೇಬರ್ ಡೇ ವಾರಾಂತ್ಯದ ಭಾನುವಾರ ಪರಾಮಸ್‌ಗೆ ಹೊರಟೆವು. ಹೋಗಿ ನೋಡಿದರೆ ಅಂಗಡಿಗಳೆಲ್ಲ ಬಾಗಿಲು ಹಾಕಿವೆ! ಪರಾಮಸ್ ಇರುವ ಬರ್ಗನ್ ಕೌಂಟಿಯಲ್ಲಿ ಭಾನುವಾರ ಬಟ್ಟೆ, ಪೀಠೋಪಕರಣ, ಮನೆ ಸಾಮಾನು ಮಾರುವ ಹಾಗಿಲ್ಲ. ಹಳೆಯ ಕಾನೂನು, ಇವತ್ತಿಗೂ ಜಾರಿಯಲ್ಲಿದೆ. ನಾನು ವಿಚಾರಿಸಿಕೊಂಡು ಹೊರಡಬೇಕಿತ್ತು. ಹೊಸದಾಗಿ ಈ ಕಡೆ ಬಂದವರು ನೆನಪಿಟ್ಟುಕೊಳ್ಳಿ, ಹೋಗಿ ಬರುವ ಪೆಟ್ರೋಲ್, ಅರ್ಧ ದಿನ ಎರಡೂ ಉಳಿಯುತ್ತದೆ.

ಮರುದಿನ ಸೋಮವಾರ, ಲೇಬರ್ ಡೇ, ನಮ್ಮ ಹತ್ತಿರದ ಮಾಲ್‌ಗೇ ಹೋದೆ. ಎಲ್ಲಿ ನೋಡಿದರೂ 50, 60 ಪರ್ಸೆಂಟ್ ಬೋರ್ಡು. ಸಂಜೆಗೆ 640 ಡಾಲರ್ ಖಾಲಿ. ಮಕ್ಕಳಿಗೆ ಎರಡು ಸೈಜ್ ದೊಡ್ಡದು ತೆಗೆದುಕೊಂಡಿದ್ದೆ, ಬೆಳೆಯುತ್ತಾರಲ್ಲ ಎಂದು. ಮುಂದಿನ ಜೂನ್‌ನಲ್ಲಿ ಮಗನ ಶಾರ್ಟ್ಸ್ ಸೊಂಟದಲ್ಲಿ ನಿಲ್ಲಲಿಲ್ಲ. ಅದರ ಮುಂದಿನ ವರ್ಷಕ್ಕೆ ಇಟ್ಟರೆ, ಆಗ ಅವನಿಗೆ ಆ ಕಾರ್ಟೂನ್ ಚಿತ್ರ ಬೇಡವಾಗಿತ್ತು. ಹೆಚ್ಚು ಕಡಿಮೆ ಅರ್ಧ ಬಟ್ಟೆ ಹಾಕದೇ ದಾನಕ್ಕೆ ಹೋಯಿತು. ಸುಮಾರು 300 ಡಾಲರ್ ಅಂತ ಇಟ್ಟುಕೊಳ್ಳಿ.

ಎರಡನೇ ವರ್ಷ ಇನ್ನೂ ಕಾದರೆ ಇನ್ನೂ ಇಳಿಯುತ್ತದೆ ಎಂದು ಅಕ್ಟೋಬರ್‌ವರೆಗೆ ಕಾದೆ. ಬೆಲೆ ಇಳಿದಿತ್ತು ನಿಜ. ಆದರೆ ರ‍್ಯಾಕ್‌ನಲ್ಲಿ ಉಳಿದಿದ್ದು ಎಕ್ಸ್‌ಎಕ್ಸ್‌ಎಲ್ ಮತ್ತು ಬೆರಳೆಣಿಕೆಯ ಸಣ್ಣ ಸೈಜ್. ಸಾಲದು ಅಂತ ಒಂದು ಅಂಗಡಿಯಲ್ಲಿ ಖರೀದಿಗೆ ಕೊಟ್ಟಿದ್ದ ಕ್ಯಾಶ್ ಕೂಪನ್ 40 ಡಾಲರ್‌ನದು ಪರ್ಸಿನಲ್ಲೇ ಅವಧಿ ಮುಗಿಸಿತು. ಇನ್ನೊಂದು ಕಡೆ ಕೂಪನ್ ಮೊತ್ತ ಮುಟ್ಟಲಿ ಎಂದು ಬೇಡದ ಕುಶನ್ ಸೇರಿಸಿ, ಆಮೇಲೆ ಅದನ್ನು ವಾಪಸ್ ಕೊಟ್ಟರೆ, ಕೂಪನ್‌ನಿಂದ ಸಿಕ್ಕಿದ್ದನ್ನು ಕಳೆದುಕೊಂಡೇ ದುಡ್ಡು ಕೊಟ್ಟರು. ಮೊತ್ತ ಮುಟ್ಟಿಸಲು ವಸ್ತು ಸೇರಿಸುವುದನ್ನು ಅವತ್ತೇ ಬಿಟ್ಟೆ.

ಮೂರನೇ ವರ್ಷ ಒಂದು ನೋಟ್‌ಬುಕ್ ಮಾಡಿದೆ. ಬೋರ್ಡಿನ ಪರ್ಸೆಂಟ್ ನೋಡುವುದೇ ಇಲ್ಲ. ಮನೆಯಲ್ಲೇ ಕೂತು ಪ್ರತಿ ವಸ್ತುವಿಗೂ ನನ್ನ ಬೆಲೆ ಬರೆಯುತ್ತೇನೆ. ಮಕ್ಕಳ ಟೀ ಶರ್ಟ್ 4 ಡಾಲರ್, ಶಾರ್ಟ್ಸ್ 6, ದೊಡ್ಡವರ ಶರ್ಟ್ 12, ಸ್ನಾನದ ಟವೆಲ್ 6, ಬೆಡ್‌ಶೀಟ್ ಸೆಟ್ 20. ಅದಕ್ಕಿಂತ ಒಂದು ಡಾಲರ್ ಜಾಸ್ತಿ ಇದ್ದರೂ ಕೈ ಹಾಕುವುದಿಲ್ಲ. 60 ಡಾಲರ್‌ನ ಟೀ ಶರ್ಟ್ 60 ಪರ್ಸೆಂಟ್ ಇಳಿದು 24ಕ್ಕೆ ಬಂದರೂ ನನ್ನ ನೋಟ್‌ಬುಕ್‌ನಲ್ಲಿ ಅದು ದುಬಾರಿಯೇ.

ಪರ್ಸೆಂಟ್ ಬೋರ್ಡಿಗೆ ಎಷ್ಟು ಶಕ್ತಿ ಇದೆ ಎನ್ನುವುದಕ್ಕೆ ಜೆಸಿಪೆನ್ನಿ ಎನ್ನುವ ದೊಡ್ಡ ಅಂಗಡಿ ಸರಣಿಯ ಉದಾಹರಣೆ ಸಾಕು. 2012ರಲ್ಲಿ ರಾನ್ ಜಾನ್ಸನ್ ಅಲ್ಲಿ ಮುಖ್ಯಸ್ಥರಾಗಿದ್ದಾಗ ಕೂಪನ್, ದಿನಕ್ಕೊಂದು ಸೇಲ್ ಎಲ್ಲ ತೆಗೆದು, ಮೊದಲಿಂದಲೇ ಕಡಿಮೆ ಬೆಲೆ ಬರೆದರು. ಆ ವರ್ಷ ಕಂಪನಿಯ ಮಾರಾಟ ಸುಮಾರು ಕಾಲು ಭಾಗ ಬಿದ್ದುಹೋಯಿತು. 2013ರ ಏಪ್ರಿಲ್‌ನಲ್ಲಿ ಜಾನ್ಸನ್ ಹುದ್ದೆ ಬಿಡಬೇಕಾಯಿತು. ಬೆಲೆ ಕಡಿಮೆ ಇದ್ದರೆ ಸಾಲದು, ಇಳಿದಿದೆ ಎಂದು ಯಾರಾದರೂ ಹೇಳಬೇಕು. ನಾನೂ ಹಾಗೇ ಇದ್ದೆ, ಅದಕ್ಕೇ ನೋಟ್‌ಬುಕ್ ಬೇಕಾಯಿತು.

ಇನ್ನು ದಿನ. ಲೇಬರ್ ಡೇ ದಿನ ನಾನು ಈಗ ಮನೆಯಲ್ಲೇ ಇರುತ್ತೇನೆ. ಅವತ್ತು ಜನ ಜಾಸ್ತಿ, ಬೆಲೆ ಇನ್ನೂ ನಡುವೆ ನಿಂತಿರುತ್ತದೆ. ಅದು ಸೆಪ್ಟೆಂಬರ್‌ನ ಮೊದಲ ಸೋಮವಾರ. ಅಲ್ಲಿಂದ 22 ಅಥವಾ 23ಕ್ಕೆ ಲೆಕ್ಕದ ಪ್ರಕಾರ ಶರತ್ಕಾಲ ಶುರು. ಈ ನಡುವಿನ ಎರಡೂವರೆ ವಾರವೇ ನನ್ನ ಸುಗ್ಗಿ. ಸ್ವೆಟರ್, ಕೋಟು ಬಂದು ನಿಂತಿರುತ್ತವೆ, ಬೇಸಿಗೆ ಬಟ್ಟೆಗೆ ಜಾಗ ಇರುವುದಿಲ್ಲ. ನಾನು ನೋಡಿದ ಮಟ್ಟಿಗೆ ಎರಡನೇ ವಾರದಲ್ಲಿ ಬೆಲೆ ಇನ್ನೊಂದು ಸಲ ಇಳಿಯುತ್ತದೆ, ಮೂರನೇ ವಾರದ ಕೊನೆಗೆ ಸೈಜ್ ಖಾಲಿಯಾಗುತ್ತದೆ. ವಾರದ ಯಾವ ದಿನ, ಎಷ್ಟು ಗಂಟೆಗೆ ಎನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎರಡು ವರ್ಷ ಓಡಾಡಿ ಕಂಡುಕೊಂಡದ್ದು ಅದು. ಒಂದು ಸುಳಿವು ಕೊಡುತ್ತೇನೆ: ಬೆಲೆಚೀಟಿಯಲ್ಲಿ ಬೆಲೆಯ ಕೊನೆಯ ಎರಡು ಅಂಕಿ, ಅಂದರೆ ಸೆಂಟ್, ನಿಮ್ಮ ಅಂಗಡಿಯಲ್ಲಿ ಹೇಗೆ ಬದಲಾಗುತ್ತದೆ ಎಂದು ಮೂರು ವಾರ ಬರೆದಿಟ್ಟು ನೋಡಿ.

ಕೋಟು, ಬೂಟು ಮಾತ್ರ ಈಗ ಮುಟ್ಟಬೇಡಿ. ಹೊಸ ಸರಕಿಗೆ 25 ಪರ್ಸೆಂಟ್ ಬಿಟ್ಟಿರುತ್ತಾರೆ, ನೋಡಲು ಚೆಂದ. ಅದೇ ಕೋಟು ಜನವರಿ, ಫೆಬ್ರವರಿಗೆ ಎಲ್ಲಿಗೆ ಇಳಿಯುತ್ತದೆ ಎಂದು ನಿಮಗೂ ಗೊತ್ತಲ್ವಾ.

ಸೈಜ್ ಸಮಸ್ಯೆ ಬಗೆಹರಿದದ್ದು ಬಾಗಿಲಿನ ಚೌಕಟ್ಟಿನಿಂದ. ಮಕ್ಕಳ ಎತ್ತರ ಅಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಿದ್ದೆವು. ಹಿಂದಿನ ಗೆರೆಗಳನ್ನು ನೋಡಿದರೆ ವರ್ಷಕ್ಕೆ ಎರಡು, ಎರಡೂವರೆ ಇಂಚು. ಹಾಗಾದರೆ ಒಂದೇ ಒಂದು ಸೈಜ್ ಮುಂದೆ ಹೋದರೆ ಸಾಕು. ಎರಡು ಬೇಡ. ಸೆಪ್ಟೆಂಬರ್ ಮೊದಲ ವಾರದಲ್ಲಿ ಅವರಿಗೆ ಚೆನ್ನಾಗಿ ಕೂರುವ ಒಂದು ಶಾರ್ಟ್ಸ್, ಒಂದು ಅಂಗಿ ನೆಲದ ಮೇಲೆ ಹರಡಿ ಅಳೆಯುತ್ತೇನೆ. ಅಂಗಡಿಗೆ ಟೇಪ್ ತೆಗೆದುಕೊಂಡೇ ಹೋಗುತ್ತೇನೆ. ಲೇಬಲ್ ಮೇಲಿನ ಸೈಜ್ ನಂಬುವುದಿಲ್ಲ, ಒಂದೇ 8ರಲ್ಲಿ ಎರಡು ಬ್ರ್ಯಾಂಡ್ ನಡುವೆ ಸೊಂಟದಲ್ಲಿ ಇಂಚು ವ್ಯತ್ಯಾಸ ಕಂಡಿದ್ದೇನೆ. ಗಂಡು ಮಕ್ಕಳಿಗೆ ಸೈಜ್ 7 ಮುಗಿದು 8 ಆದರೆ ವಿಭಾಗವೇ ಬೇರೆ. ಆ ವರ್ಷ 7ರ ರ‍್ಯಾಕ್‌ನಲ್ಲಿ 8 ಹುಡುಕುತ್ತಾ ಅರ್ಧ ಗಂಟೆ ಹೋಯಿತು.

ಇಲ್ಲೇ ಒಂದು ಸಣ್ಣ ಪ್ರಯೋಗ ಮಾಡಿದೆ. ಒಂದೇ ಥರದ ಎರಡು ಪೂರ್ತಿ ಹತ್ತಿಯ ಟೀ ಶರ್ಟ್ ತಂದು, ಒಂದನ್ನು ಬಿಸಿ ಡ್ರೈಯರ್‌ಗೆ ಮೂರು ಸಲ ಹಾಕಿದೆ, ಇನ್ನೊಂದನ್ನು ನೆರಳಲ್ಲಿ ಒಣಗಿಸಿದೆ. ಡ್ರೈಯರ್‌ಗೆ ಹಾಕಿದ್ದು ಉದ್ದದಲ್ಲಿ ಮುಕ್ಕಾಲು ಇಂಚು ಕುಗ್ಗಿತ್ತು. ಆಮೇಲಿಂದ ಹತ್ತಿ ಆದರೆ ಆ ಮುಕ್ಕಾಲು ಇಂಚನ್ನೂ ಅಳತೆಗೆ ಸೇರಿಸುತ್ತೇನೆ.

ಟವೆಲ್ ವಿಷಯ ಬಂದರೆ ನನಗೆ ಸ್ವಲ್ಪ ಹೆಮ್ಮೆಯೇ ಇದೆ. ಒಳ್ಳೆಯ ಟವೆಲ್ ಅಂದರೆ ಒಂದು ಚದರ ಮೀಟರ್‌ಗೆ ಎಷ್ಟು ಗ್ರಾಂ ಎನ್ನುವ ಲೆಕ್ಕ. ಕ್ಲಿಯರೆನ್ಸ್ ಮೇಜಿನ ಮೇಲಿನ ಟವೆಲ್ ಮೇಲೆ ಅದನ್ನು ಬರೆದಿರುವುದು ಕಡಿಮೆ. ಆದರೆ 30 ಇಂಚು ಅಗಲ, 54 ಇಂಚು ಉದ್ದದ ಟವೆಲ್ ತೆಗೆದುಕೊಳ್ಳಿ. ಅದರ ವಿಸ್ತೀರ್ಣ ಸುಮಾರು 1.05 ಚದರ ಮೀಟರ್. ಅಂದರೆ ಟವೆಲ್ ಎಷ್ಟು ಗ್ರಾಂ ತೂಗುತ್ತದೋ, ಹೆಚ್ಚು ಕಡಿಮೆ ಅದೇ ಅದರ ನಂಬರು! ಊರಿಗೆ ಹೋಗುವಾಗ ಸೂಟ್‌ಕೇಸ್ 23 ಕಿಲೋ ದಾಟಿದೆಯಾ ಎಂದು ನೋಡುವ ಕೊಕ್ಕೆ ತಕ್ಕಡಿ ಎಲ್ಲರ ಮನೆಯಲ್ಲೂ ಇರುತ್ತದಲ್ಲ, ಅದನ್ನೇ ಬ್ಯಾಗಿನಲ್ಲಿ ಇಟ್ಟುಕೊಂಡು ಹೋದೆ. ಒಂದು ಟವೆಲ್‌ಗೆ ಅದು ಸರಿಯಾಗಿ ತೋರಿಸುವುದಿಲ್ಲ. ಆರು ಟವೆಲ್ ಒಟ್ಟಿಗೆ ಚೀಲದಲ್ಲಿ ತೂಗು ಹಾಕಿ ಆರರಿಂದ ಭಾಗಿಸಿದೆ. ಒಂದು ರಾಶಿ ತಲಾ 380 ಗ್ರಾಂ ಬಂತು, ಪಕ್ಕದ್ದು 520. ಬೆಲೆ ಎರಡಕ್ಕೂ ಒಂದೇ, ಐದೂವರೆ ಡಾಲರ್. ಅಲ್ಲಿದ್ದ ಒಬ್ಬರು ಹಿರಿಯ ಹೆಂಗಸು ನೋಡುತ್ತಾ ನಿಂತರು, ಆಮೇಲೆ ತಮ್ಮ ರಾಶಿಯನ್ನೂ ತೂಗಿಸಿಕೊಂಡು ಹೋದರು. 700ರ ಟವೆಲ್ ಕೂಡ ಒಂದು ಸಲ ತಂದಿದ್ದೆ. ಮೈಗೆ ಹಿತ, ಆದರೆ ಒಣಗುವುದೇ ಇಲ್ಲ, ಬಚ್ಚಲಲ್ಲಿ ಎರಡು ದಿನಕ್ಕೆ ಮುಗ್ಗಲು ವಾಸನೆ. ನನಗೆ 500ರ ಆಸುಪಾಸೇ ಸರಿ.

ಬೆಡ್‌ಶೀಟ್‌ಗೆ ಜನವರಿಯ ವೈಟ್ ಸೇಲ್ ಕಾಯಬೇಕು ಎನ್ನುತ್ತಾರೆ. ಫಿಲಡೆಲ್ಫಿಯಾದ ಅಂಗಡಿ ವ್ಯಾಪಾರಿ ಜಾನ್ ವಾನಮೇಕರ್ 1878ರಲ್ಲಿ ಶುರು ಮಾಡಿದ ಪದ್ಧತಿ ಅದು, ಆಗ ಹಾಸುಬಟ್ಟೆಯೆಲ್ಲ ಬಿಳಿ ಬಣ್ಣದ್ದೇ. ಜನವರಿ ಚೆನ್ನಾಗಿಯೇ ಇರುತ್ತದೆ. ಆದರೆ ಸೆಪ್ಟೆಂಬರ್‌ನಲ್ಲಿ ಇನ್ನೊಂದು ದಾರಿ ಇದೆ, ಬಹಳ ಜನ ನೋಡುವುದಿಲ್ಲ. ಕಾಲೇಜು ಹಾಸ್ಟೆಲ್‌ಗಳ ಹಾಸಿಗೆ ಹೆಚ್ಚಾಗಿ ಟ್ವಿನ್ ಎಕ್ಸ್‌ಎಲ್, ಅಂದರೆ ಒಬ್ಬರು ಮಲಗುವ ಹಾಸಿಗೆಯಲ್ಲೇ ಉದ್ದನೆಯದು, 80 ಇಂಚು. ಮಕ್ಕಳು ಕಾಲೇಜಿಗೆ ಹೋಗಿ ಸೇರಿದ ಮೇಲೆ ಆ ಸೈಜ್ ಕೇಳುವವರು ಕಡಿಮೆ. ಹಾಸು, ಟಾಪರ್, ಬಟ್ಟೆ ಹಾಕುವ ಬುಟ್ಟಿ, ಮೇಜಿನ ದೀಪ ಎಲ್ಲ ಒಂದೇ ಮೂಲೆಗೆ ಬಂದು ಬೀಳುತ್ತದೆ. ನಮ್ಮ ಮಕ್ಕಳದು ಸಾಮಾನ್ಯ ಟ್ವಿನ್ ಹಾಸಿಗೆ, 75 ಇಂಚು. ಅಗಲ ಒಂದೇ, ಉದ್ದ 5 ಇಂಚು ಜಾಸ್ತಿ. ಸೆಟ್‌ಗೆ 18 ಡಾಲರ್ ಕೊಟ್ಟು ಎರಡು ತಂದೆ. ಮೇಲೆ ಹೊದೆಯುವ ಹಾಸನ್ನು ಕಾಲ ಬಳಿ ಮಡಿಸಿ ಸಿಕ್ಕಿಸಿದರೆ ಆಯಿತು. ಕೆಳಗಿನ ಹಾಸು ಸಡಿಲ ಆಗಿ ಮೊದಲ ರಾತ್ರಿಯೇ ಸುಕ್ಕುಗಟ್ಟಿತು. ಕಾಲ ಕಡೆಯ ಎರಡು ಮೂಲೆಗೆ ಅಡ್ಡಲಾಗಿ ಎಲಾಸ್ಟಿಕ್ ಹೊಲಿದೆ, ಅಲುಗಾಡುವುದಿಲ್ಲ.

ಟಾಪರ್ 30 ಡಾಲರ್‌ಗೆ ಸಿಕ್ಕಿತು. ಬ್ರೆಡ್ ಕೊಯ್ಯುವ ಹಲ್ಲಿನ ಚಾಕುವಿನಿಂದ 5 ಇಂಚು ಕತ್ತರಿಸಿದೆ. ಕತ್ತರಿಯಲ್ಲಿ ಮಾಡಲು ಹೋಗಿ ಮೊದಲ ಅಂಚು ಹರಿದಿತ್ತು, ಚಾಕುವಿನಲ್ಲಿ ನೇರವಾಗಿ ಬಂತು. ಉಳಿದ ತುಂಡಿಗೆ ಹಳೆಯ ಕಾಟನ್ ಸೀರೆಯ ಬಟ್ಟೆಯಿಂದ ಕವರ್ ಹೊಲಿದು, ಅಡುಗೆಮನೆ ಕಿಟಕಿಯ ಬಳಿಯ ಬೆಂಚಿಗೆ ಹಾಕಿದ್ದೇನೆ.

ಬಿಲ್ ಹಾಕುವಾಗ ಎರಡು ಮಾತು. 60 ಪರ್ಸೆಂಟ್ ಮೇಲೆ ಇನ್ನೂ 20 ಅಂದರೆ 80 ಅಲ್ಲ, 68. ಇದು ನಿಮಗೆ ಗೊತ್ತಿರುತ್ತದೆ. ಆದರೆ 10 ಡಾಲರ್ ಕೂಪನ್ ಮತ್ತು 20 ಪರ್ಸೆಂಟ್ ಎರಡೂ ಇದ್ದಾಗ ಯಾವುದು ಮೊದಲು ಹೋಗುತ್ತದೆ ನೋಡಿ. 50 ಡಾಲರ್ ಬಿಲ್‌ನಲ್ಲಿ ಪರ್ಸೆಂಟ್ ಮೊದಲು ಹೋದರೆ ಕೊಡುವುದು 30, ಡಾಲರ್ ಮೊದಲು ಹೋದರೆ 32. ಕಂಪ್ಯೂಟರ್ ತಾನೇ ಕ್ರಮ ಹಾಕುವ ಅಂಗಡಿಯಲ್ಲಿ ಏನೂ ಮಾಡಲಾಗದು. ಕೈಯಲ್ಲಿ ಸ್ಕ್ಯಾನ್ ಮಾಡುವ ಕಡೆ ನಯವಾಗಿ ಕೇಳಿದರೆ ಕೆಲವು ಸಲ ನಡೆದಿದೆ. ಟ್ಯಾಕ್ಸ್ ವಿಷಯದಲ್ಲಿ ನಮ್ಮ ನ್ಯೂಜೆರ್ಸಿ ಒಳ್ಳೆಯದು, ಬಟ್ಟೆಗೆ ಸೇಲ್ಸ್ ಟ್ಯಾಕ್ಸ್ ಇಲ್ಲ. ಟವೆಲ್, ಬೆಡ್‌ಶೀಟ್‌ಗೆ ಮಾತ್ರ 6.625 ಪರ್ಸೆಂಟ್ ಬೀಳುತ್ತದೆ. ಹಾಗಾಗಿ ನನ್ನ ನೋಟ್‌ಬುಕ್‌ನಲ್ಲಿ ಮನೆ ಸಾಮಾನಿನ ಬೆಲೆಯನ್ನು ಟ್ಯಾಕ್ಸ್ ಸೇರಿಸಿಯೇ ಬರೆದಿರುತ್ತೇನೆ.

ಹೋದ ವರ್ಷ ನಾಲ್ಕು ಸಲ ಹೋದೆ, ಒಂದು ಸಲ ಬರಿಗೈಯಲ್ಲಿ ಬಂದೆ. ಯಜಮಾನರು, "ಇಷ್ಟು ದೂರ ಹೋಗಿ ಏನೂ ತರಲಿಲ್ವಾ?" ಅಂದರು. ಆ ದಿನ ಯಾವುದೂ ನನ್ನ ಬೆಲೆಗೆ ಇಳಿದಿರಲಿಲ್ಲ. ಐದು ದಿನ ಬಿಟ್ಟು ಹೋದಾಗ ಅವರ ಅದೇ ಲಿನನ್ ಶರ್ಟ್ 11ಕ್ಕೆ ಬಂದಿತ್ತು. ಈ ಜುಲೈನಲ್ಲಿ ಅದನ್ನು ಹಾಕಿಕೊಂಡು ಆಫೀಸಿಗೆ ಹೋಗಿ ಬಂದವರು, "ಈ ಸಲ ಎರಡು ತೆಗೆದುಕೋ" ಅಂದಿದ್ದಾರೆ. ಬ್ಲ್ಯಾಕ್ ಫ್ರೈಡೇ ಕಾಯಿ ಎಂದ ಗೆಳತಿಯರಲ್ಲಿ ಇಬ್ಬರು ಈ ವರ್ಷ ನನ್ನ ಜೊತೆ ಬರುತ್ತಿದ್ದಾರೆ.

ಮಕ್ಕಳ ಶೂ, ಸ್ಯಾಂಡಲ್ ಮಾತ್ರ ನನಗೆ ಇನ್ನೂ ಹಿಡಿತಕ್ಕೆ ಬಂದಿಲ್ಲ. ಎತ್ತರ ಬೆಳೆದ ಹಾಗೆ ಪಾದ ಬೆಳೆಯುವುದಿಲ್ಲ. ಮಗಳದು ಒಂದು ವರ್ಷ ಅರ್ಧ ಸೈಜ್, ಮರುವರ್ಷ ಎರಡು ಸೈಜ್ ಹೋಯಿತು. ಹೋದ ಸಲ ತಂದ ಮೂರು ಜೊತೆಯಲ್ಲಿ ಒಂದೇ ಕೂತಿತು, 27 ಡಾಲರ್ ಹೋಯಿತು. ಈಗ ತಿಂಗಳಿಗೊಮ್ಮೆ ಕಾಗದದ ಮೇಲೆ ಪಾದ ಇಟ್ಟು ಗೆರೆ ಎಳೆದು, ತಾರೀಖು ಹಾಕಿ ಇಡುತ್ತಿದ್ದೇನೆ. ಎಂಟು ಹಾಳೆ ಆಗಿದೆ.