ನೈಟ್ರೋ ಕಾರು ಪದೇ ಪದೇ ನಿಂತುಹೋಗುತ್ತಾ? ಲೋ ಸ್ಪೀಡ್ ನೀಡಲ್ ನೋಡಿ

ನೈಟ್ರೋ ಕಾರು ಅಂದರೆ ನೈಟ್ರೋಮೀಥೇನ್ ಬೆರೆಸಿದ ಇಂಧನದಲ್ಲಿ ಓಡುವ ಪುಟ್ಟ ಎಂಜಿನ್ನಿನ ರಿಮೋಟ್ ಕಾರು. ನೀಡಲ್ ಅಂದರೆ ಅದರ ಕಾರ್ಬ್ಯುರೇಟರ್‌ನಲ್ಲಿ ಇಂಧನದ ಪ್ರಮಾಣ ಹೊಂದಿಸುವ ಸ್ಕ್ರೂ. ಎಂಜಿನ್ ಆಫ್ ಆದ ತಕ್ಷಣ ಎಲ್ಲರ ಕೈ ಸ್ಕ್ರೂಡ್ರೈವರ್‌ಗೆ ಹೋಗುತ್ತದೆ. ಸ್ವಲ್ಪ ತಡೆಯಿರಿ. ಗ್ಲೋ ಪ್ಲಗ್ (ಕಾದ ತಂತಿಯಿಂದ ಇಂಧನ ಹೊತ್ತಿಸುವ ಪ್ಲಗ್), ಏರ್ ಫಿಲ್ಟರ್, ಇಂಧನದ ಪೈಪ್ ಮೊದಲು ನೋಡಿ. ಮುಚ್ಚಳ ಸಡಿಲವಿದ್ದ ಹಳೇ ಇಂಧನ ಬೇಡವೇ ಬೇಡ. ಅದರಲ್ಲಿನ ಮೆಥನಾಲ್ ಗಾಳಿಯ ತೇವ ಹೀರಿಕೊಂಡಿರುತ್ತದೆ. ಹೊಸ ಎಂಜಿನ್ ಆದರೆ ಮೊದಲ ಕೆಲವು ಟ್ಯಾಂಕ್ ರಿಚ್ ಆಗಿಯೇ, ಅಂದರೆ ಇಂಧನ ಜಾಸ್ತಿ ಇಟ್ಟೇ ಓಡಲಿ, ಈ ಟ್ಯೂನಿಂಗ್ ಆಮೇಲೆ.

ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ. ಈಗ ಹೈ ಸ್ಪೀಡ್ ನೀಡಲ್, ಅಂದರೆ ಪೂರ್ತಿ ಥ್ರಾಟಲ್‌ನ ಇಂಧನ ಹೊಂದಿಸುವುದು. ಬಲಕ್ಕೆ ತಿರುಗಿಸಿದರೆ ಇಂಧನ ಕಡಿಮೆ, ಅಂದರೆ ಲೀನ್. ಎಡಕ್ಕೆ ತಿರುಗಿಸಿದರೆ ರಿಚ್. ಒಂದು ಸಲಕ್ಕೆ 1/8 ಸುತ್ತು ಸಾಕು. ಪೂರ್ತಿ ಥ್ರಾಟಲ್‌ನಲ್ಲಿ ತೆಳ್ಳಗಿನ ಹೊಗೆಯ ಗೆರೆ ಕಾಣಲೇಬೇಕು. ಎಂಜಿನ್‌ಗೆ ಬೇಕಾದ ಎಣ್ಣೆ ಇಂಧನದಲ್ಲೇ ಬರುವುದು. ಹೊಗೆ ಇಲ್ಲ ಅಂದರೆ ಎಣ್ಣೆಯೂ ಸಾಲುತ್ತಿಲ್ಲ, ಪಿಸ್ಟನ್ ಸವೆಯುತ್ತಿದೆ ಅಂತಲೇ ಲೆಕ್ಕ.

ಎಲ್ಲರೂ ಎಡವುವುದು ಇದಾದ ಮೇಲೆ, ಕಡಿಮೆ ವೇಗದ ಇಂಧನ ಹೊಂದಿಸುವ ಲೋ ಸ್ಪೀಡ್ ನೀಡಲ್‌ನಲ್ಲಿ. ಗೆಳೆಯರೊಬ್ಬರು ಅರ್ಧ ಗಂಟೆ ಐಡಲ್ ಸ್ಕ್ರೂ (ಥ್ರಾಟಲ್ ಒತ್ತದಿದ್ದಾಗ ಎಂಜಿನ್ ಓಡುವ ವೇಗದ ಸ್ಕ್ರೂ) ಏರಿಸುತ್ತಲೇ ಕೂತಿದ್ದರು. ಕೊನೆಗೆ ಕ್ಲಚ್ ತಾನೇ ಕಚ್ಚಿಕೊಂಡು, ಥ್ರಾಟಲ್ ಮುಟ್ಟದೆಯೇ ಕಾರು ತಾನಾಗಿ ಹೊರಟಿತು! ಐಡಲ್ ಏರಿಸಿದರೆ ಲೋ ನೀಡಲ್‌ನ ತಪ್ಪು ಮುಚ್ಚಿಹೋಗುತ್ತದೆ, ಸರಿಹೋಗುವುದಿಲ್ಲ.

ಹೀಗೆ ಮಾಡಿ. ಕಾರು ಹತ್ತು ಸೆಕೆಂಡ್ ಐಡಲ್‌ನಲ್ಲಿ ನಿಂತಿರಲಿ. ಆಮೇಲೆ ಕಾರ್ಬ್ಯುರೇಟರ್‌ಗೆ ಅಂಟಿದಂತೆ ಇಂಧನದ ಪೈಪನ್ನು ಚಿವುಟಿ ಹಿಡಿಯಿರಿ. ದೂರದಲ್ಲಿ ಹಿಡಿದರೆ ಪೈಪ್‌ನಲ್ಲಿ ಉಳಿದ ಇಂಧನ ಲೆಕ್ಕ ಕೆಡಿಸುತ್ತದೆ. ಸದ್ದು ಒಂಚೂರು ಏರಿ 2ರಿಂದ 4 ಸೆಕೆಂಡ್‌ನಲ್ಲಿ ಎಂಜಿನ್ ನಿಂತರೆ ಸರಿ. ಸದ್ದು ಏರುತ್ತಲೇ ಹೋಗಿ ತುಂಬಾ ಹೊತ್ತು ಓಡಿದರೆ ರಿಚ್. ಹಿಡಿದ ಕ್ಷಣವೇ ಸತ್ತರೆ ಲೀನ್. ಇಲ್ಲಿ 1/16 ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ. ಪ್ರತಿ ಸಲ ತಿರುಗಿಸಿದ ಮೇಲೆ ಒಂದು ಸುತ್ತು ಜೋರಾಗಿ ಓಡಿಸಿ, ಕ್ರ್ಯಾಂಕ್‌ಕೇಸ್‌ನಲ್ಲಿ ಕೂತ ಹಳೇ ಇಂಧನ ಖಾಲಿಯಾಗಲಿ. ಇಲ್ಲದಿದ್ದರೆ ನೀವು ನೋಡುತ್ತಿರುವುದು ಹಿಂದಿನ ಸೆಟ್ಟಿಂಗನ್ನೇ ಅಲ್ವಾ?

ಥ್ರಾಟಲ್ ಒತ್ತಿದಾಗ ಗುಳುಗುಳು ಎಂದು ಹೊಗೆ ಕಾರಿ ಎಳೆಯಲು ತಡಮಾಡಿದರೆ ಇನ್ನೂ ರಿಚ್. ಥ್ರಾಟಲ್ ಬಿಟ್ಟ ಮೇಲೂ ಸದ್ದು ಬೇಗ ಇಳಿಯದಿದ್ದರೆ ಲೀನ್. ರಿಚ್ ಇದ್ದ ಲೋ ನೀಡಲ್ ಸರಿಯಾದ ಮೇಲೆ ಐಡಲ್ ತಾನಾಗಿ ಏರಿರುತ್ತದೆ, ಆಗ ಐಡಲ್ ಸ್ಕ್ರೂ ಇಳಿಸಿ.

ಥರ್ಮಾಮೀಟರ್ ಇದ್ದರೆ ಒಳ್ಳೆಯದೇ. ಆದರೆ ಅಂಕಿ ನೋಡಿಕೊಂಡೇ ಟ್ಯೂನ್ ಮಾಡುವವರನ್ನು ನಾನು ನಂಬುವುದಿಲ್ಲ. ಎಂಜಿನ್ ಹೆಡ್ ಮೇಲೆ ಒಂದು ಹನಿ ನೀರು ಬಿಡಿ. ಚುಯ್ ಎಂದು ಎರಡು ಮೂರು ಸೆಕೆಂಡ್‌ನಲ್ಲಿ ಆರಿದರೆ ಸಾಕು. ಬಿದ್ದ ಕೂಡಲೇ ಹಾರಿಹೋದರೆ ಹೈ ನೀಡಲ್ ಎಡಕ್ಕೆ. ಇನ್ನು, ಡಜನ್ ಲೆಕ್ಕದಲ್ಲಿ ಸಿಗುವ ಅಗ್ಗದ ಗ್ಲೋ ಪ್ಲಗ್ ಕೊಳ್ಳಬೇಡಿ. ಅದರ ತಂತಿ ಕೈಕೊಟ್ಟರೆ ಬೈಗುಳ ತಿನ್ನುವುದು ನೀಡಲ್.

ಆಟ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ಉರಿದುಹೋಗಲಿ. ತುಕ್ಕು ತಡೆಯುವ ಆಫ್ಟರ್ ರನ್ ಆಯಿಲ್ ಎರಡು ಹನಿ ಎಂಜಿನ್ ಒಳಗೆ ಬಿಟ್ಟು ಕ್ರ್ಯಾಂಕ್ ಮಾಡಿ (ಎಂಜಿನ್ ತಿರುಗಿಸಿ). ಆಮೇಲೆ ಫ್ಲೈವೀಲ್ ತಿರುಗಿಸಿ ಪಿಸ್ಟನ್ ಕೆಳಗಿಳಿಸಿಡಿ. ಮೇಲೆಯೇ ಬಿಟ್ಟರೆ ತಣ್ಣಗಾದ ಸ್ಲೀವ್ (ಪಿಸ್ಟನ್ ಓಡಾಡುವ ಕೊಳವೆ) ಅದನ್ನು ಕಚ್ಚಿ ಹಿಡಿಯುತ್ತದೆ.