ನೆಂಟರಿಗೆ ಮನೆ ಕೊಡುವ ಮುನ್ನ ಒಂದು ಕಾಗದ

ಗೊತ್ತಿಲ್ಲದವರಿಗೆ ಮನೆ ಕೊಡುವಾಗ ಎಲ್ಲರೂ ಹುಷಾರು. ಅಡ್ವಾನ್ಸ್, ಆಧಾರ್ ಜೆರಾಕ್ಸ್, ಹನ್ನೊಂದು ತಿಂಗಳ ಅಗ್ರಿಮೆಂಟ್, ಖಾಲಿ ಮಾಡುವಾಗ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು, ಎಲ್ಲ ಲೆಕ್ಕಾಚಾರ. ಅದೇ ತಂಗಿಯ ಮಗನೋ ಚಿಕ್ಕಪ್ಪನ ಮಗನೋ ಬಂದರೆ ಬೀಗದ ಕೈ ಕೊಟ್ಟು “ಇರಪ್ಪ, ಆಮೇಲೆ ನೋಡೋಣ” ಅನ್ನುತ್ತಾರೆ. ಹೀಗೆ ಕೊಟ್ಟ ಮನೆಗಾಗಿ ವರ್ಷಗಟ್ಟಲೆ ಸಿವಿಲ್ ಕೋರ್ಟಿಗೆ ಅಲೆಯುವವರನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ. ಮನೆ ಕೊಡುವವರಿಗೆ ಎಷ್ಟು ಅಪಾಯವೋ, ಒಳಗೆ ಇರುವವರಿಗೂ ಅಷ್ಟೇ ಅಪಾಯ.

ಮೊದಲು ಮನೆ ಯಾರದ್ದು ನೋಡಿ

ಇದು ಸುಲಭದ ಹೆಜ್ಜೆ. ಕ್ರಯಪತ್ರ, ವಿಭಾಗಪತ್ರ, ಖಾತೆ ತೆಗೆದು ನೋಡಿ. ಮನೆ ತೀರಿಕೊಂಡ ಅಪ್ಪನ ಹೆಸರಿನಲ್ಲೇ ಇದ್ದು ಪಾಲು ಆಗಿಲ್ಲವೆಂದರೆ, ಅಣ್ಣ ಒಬ್ಬನೇ ಸಹಿ ಹಾಕಿಕೊಟ್ಟರೆ ಸಾಲದು. ಅಮ್ಮ, ತಂಗಿಯರು ಸೇರಿ ಹಕ್ಕಿರುವ ಎಲ್ಲರೂ ಸಹಿ ಹಾಕಬೇಕು.

ಬಾಡಿಗೆಯೋ, ಭೋಗ್ಯವೋ, ಸುಮ್ನೆ ಕೊಟ್ಟದ್ದೋ?

ಎಲ್ಲರೂ ಎಡವುವುದು ಇಲ್ಲೇ. ಇದಕ್ಕೆ ಸಮಯ ಕೊಡಿ.

ನೆಂಟರ ನಡುವಿನ ವ್ಯವಹಾರ ಸಾಮಾನ್ಯವಾಗಿ ಹೀಗಿರುತ್ತದೆ: “ಬಾಡಿಗೆ ಗೀಡಿಗೆ ಬೇಡ ಕಣೋ. ಮನೆ ಕಂದಾಯ ಕಟ್ಟಿಕೊಂಡು ಹೋಗು, ಸಣ್ಣಪುಟ್ಟ ರಿಪೇರಿ ನೀನೇ ಮಾಡಿಸ್ಕೋ.” ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಇದಕ್ಕಿಂತ ಕೆಟ್ಟ ಒಪ್ಪಂದ ಇನ್ನೊಂದಿಲ್ಲ. ಕೆಲವು ವರ್ಷ ಕಳೆಯುವಷ್ಟರಲ್ಲಿ ಅಡುಗೆಮನೆಗೆ ಗ್ರಾನೈಟ್ ಬಂದಿರುತ್ತದೆ, ಮೇಲೊಂದು ಶೀಟಿನ ರೂಮು ಎದ್ದಿರುತ್ತದೆ, ಕಂದಾಯದ ರಸೀದಿಗಳೆಲ್ಲ ಅವರ ಬೀರುವಿನಲ್ಲಿರುತ್ತವೆ. “ಮಾವ ನನಗೇ ಕೊಡ್ತೀನಿ ಅಂದಿದ್ರು” ಎಂಬ ಮಾತು ಹುಟ್ಟುವುದು ಆಗ. ಮಾವ ಬದುಕಿದ್ದರೆ ಅಲ್ಲ ಅನ್ನಬಹುದು. ಅವರು ಹೋದ ಮೇಲೆ ಅಮೆರಿಕದಲ್ಲಿರುವ ಮಗಳು ಯಾವ ಸಾಕ್ಷಿ ತರುತ್ತಾಳೆ?

ಹಾಗಂತ ಹನ್ನೆರಡು ವರ್ಷ ಇದ್ದವರಿಗೆಲ್ಲ ಮನೆ ಹೋಗಿಬಿಡುತ್ತದೆ ಅಂತ ಗಾಬರಿಯಾಗಬೇಡಿ. 1963ರ ಕಾಲಮಿತಿ ಕಾಯ್ದೆಯ 12 ವರ್ಷದ ಲೆಕ್ಕ, ಮಾಲೀಕರ ಹಕ್ಕನ್ನೇ ಅಲ್ಲಗಳೆದು ರಾಜಾರೋಷವಾಗಿ ಸ್ವಾಧೀನದಲ್ಲಿ ಇರುವವರಿಗೆ ಸಂಬಂಧಿಸಿದ್ದು. ಮಾಲೀಕರ ಅನುಮತಿಯಿಂದ ಇರುವವರಿಗೆ ಎಷ್ಟು ವರ್ಷ ಇದ್ದರೂ ಅದರಿಂದ ಹಕ್ಕು ಬರುವುದಿಲ್ಲ. ಗೋವಾದಲ್ಲಿ ನೌಕಾಪಡೆ ಅಧಿಕಾರಿಯ ಹೆಂಡತಿಯೊಬ್ಬರು ತಮ್ಮ ಮನೆಯನ್ನು ಒಡಹುಟ್ಟಿದವನಿಗೆ ನೋಡಿಕೊಳ್ಳಲು ಬಿಟ್ಟಿದ್ದರು. ಆ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ನೋಡಿಕೊಳ್ಳಲು ಇಟ್ಟವರು ಎಷ್ಟು ಕಾಲ ಇದ್ದರೂ ಆಸ್ತಿಯಲ್ಲಿ ಹಕ್ಕು ಗಳಿಸುವುದಿಲ್ಲ ಎಂದು 2012ರಲ್ಲಿ ಕೋರ್ಟು ಹೇಳಿತು. ಸಹೋದರಿ ಗೆದ್ದರು ನಿಜ. ಆದರೆ ಒಂದು ಕಾಗದ ಇದ್ದಿದ್ದರೆ ಅಷ್ಟು ದೂರ ಹೋಗುವ ಪಾಡು ತಪ್ಪುತ್ತಿರಲಿಲ್ಲವೇ? ಅನುಮತಿಯಿಂದ ಇದ್ದಾರೆ ಎಂದು ತೋರಿಸುವ ಭಾರ ನಿಮ್ಮ ತಲೆಗೆ ಬಂದಾಗ ಕೈಯಲ್ಲಿ ಏನಾದರೂ ಇರಬೇಕು.

ಆದ್ದರಿಂದ ಮೂರರಲ್ಲಿ ಒಂದನ್ನು ಆರಿಸಿ, ಬೆರಕೆ ಮಾಡಬೇಡಿ.

ಸುಮ್ನೆ ಇರಲು ಕೊಡುವುದಾದರೆ ಪೂರ್ತಿ ಸುಮ್ನೆ ಕೊಡಿ. ಕಂದಾಯ ನೀವೇ ಕಟ್ಟಿ, ದೊಡ್ಡ ರಿಪೇರಿ ನೀವೇ ಮಾಡಿಸಿ. ಇರುವವರಿಂದ ಇಷ್ಟು ಬರೆಸಿಕೊಳ್ಳಿ: “ಈ ಮನೆ ನನ್ನ ಸೋದರಮಾವನವರದ್ದು. ಅವರ ಅನುಮತಿಯಿಂದ, ಬಾಡಿಗೆ ಇಲ್ಲದೆ ವಾಸವಾಗಿದ್ದೇನೆ. ಮನೆಯ ಮೇಲೆ ನನಗೆ ಬೇರೆ ಯಾವ ಹಕ್ಕೂ ಇಲ್ಲ. ಅವರು ಬರವಣಿಗೆಯಲ್ಲಿ ಕೇಳಿದ 60 ದಿನದೊಳಗೆ ಖಾಲಿ ಮಾಡಿಕೊಡುತ್ತೇನೆ.” ತಾರೀಕು, ಇಬ್ಬರ ಸಹಿ, ಎರಡು ಸಾಕ್ಷಿ. ಸಾಕ್ಷಿಗಳಲ್ಲಿ ಒಬ್ಬರು ಅವರ ಕಡೆಯವರೇ ಇರಲಿ. ನಾಳೆ ಮಾತು ಬದಲಾದರೆ ಕಟ್ಟಿಹಾಕುವುದು ಅದೇ ಸಹಿ.

ಬಾಡಿಗೆಗೆ ಕೊಡುವುದಾದರೆ ನಿಜವಾದ ಬಾಡಿಗೆ ತೆಗೆದುಕೊಳ್ಳಿ. ಬೀದಿಯ ದರಕ್ಕಿಂತ ಕಡಿಮೆ ಮಾಡಿ, ಬೇಡ ಅನ್ನುವುದಿಲ್ಲ. “ಹೆಸರಿಗೆ ಒಂದು ಸಾವಿರ ಕೊಡು” ಅನ್ನುವುದು ಮಾತ್ರ ಬೇಡವೇ ಬೇಡ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ಮಿತಿ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000. ಅದಕ್ಕಿಂತ ಜಾಸ್ತಿ ಬಾಡಿಗೆಯ ಮನೆಗಳು ಆ ಕಾಯ್ದೆಯ ಹೊರಗೆ. ಹೆಸರಿಗಷ್ಟೇ ಬಾಡಿಗೆ ಇಟ್ಟರೆ ಆ ಕಾಯ್ದೆ ತಮಗೂ ಅನ್ವಯಿಸುತ್ತದೆ ಎಂದು ಅವರ ವಕೀಲರು ವಾದ ಹೂಡಬಹುದು. ಆಗ ಕಾಯ್ದೆ ಹೇಳಿದ ಕಾರಣಗಳಲ್ಲಿ ಒಂದನ್ನು ಸಾಬೀತು ಮಾಡದೆ ಬಿಡಿಸುವುದು ಕಷ್ಟ.

ಇನ್ನು ಭೋಗ್ಯ, ಬೆಂಗಳೂರಿನವರ ಬಾಯಲ್ಲಿ ಲೀಸ್. ಅಂದರೆ ತಿಂಗಳ ಬಾಡಿಗೆ ಬದಲು ಒಂದೇ ಸಲ ದೊಡ್ಡ ಮೊತ್ತ ಕೊಟ್ಟು, ಖಾಲಿ ಮಾಡುವಾಗ ವಾಪಸ್ ಪಡೆಯುವುದು. ನೆಂಟರ ನಡುವೆ ಇದು ಬೇಡ ಎಂಬುದು ನನ್ನ ಖಡಾಖಂಡಿತ ಸಲಹೆ. ಇಲ್ಲಿ ಪೆಟ್ಟು ತಿನ್ನುವವರು ಮನೆಯೊಳಗೆ ಇರುವವರು. ಜೀವಮಾನದ ಉಳಿತಾಯ ಹತ್ತು ಲಕ್ಷವನ್ನು ದೊಡ್ಡಪ್ಪನ ಕೈಗೆ ಕೊಟ್ಟಿರುತ್ತಾರೆ, ಚೀಟಿಯೂ ಇರುವುದಿಲ್ಲ. ದೊಡ್ಡಪ್ಪ ತೀರಿಕೊಂಡರೆ ಮಕ್ಕಳು “ನಮಗೆ ಗೊತ್ತಿಲ್ಲ” ಅನ್ನುತ್ತಾರೆ. ಮನೆ ಬ್ಯಾಂಕಿನ ಸಾಲದಲ್ಲಿದ್ದು ಹರಾಜಿಗೆ ಬಂದರಂತೂ ಕೇಳುವವರೇ ಇಲ್ಲ. ಕೊಡಲೇಬೇಕಾದರೆ ಮನೆಯ ಮೇಲೆ ಸಾಲ ಇದೆಯೇ ಎಂದು ತಿಳಿಯಲು ಋಣಭಾರ ಪತ್ರ (ಇ.ಸಿ.) ತೆಗೆಸಿ ನೋಡಿ, ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿಯೇ ಹಣ ಕೊಡಿ.

ಮಾತು ಎತ್ತುವುದು ಹೇಗೆ ಅಂತ ಕೇಳುತ್ತೀರಿ. ಬೀಗದ ಕೈ ಕೊಡುವ ಮೊದಲೇ ಎತ್ತಿ. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿ: “ನೋಡಮ್ಮ, ನಾವು ನಾವು ಚೆನ್ನಾಗಿದ್ದೀವಿ. ನಾಳೆ ನಾನಿಲ್ಲದಾಗ ನಮ್ಮ ಮಕ್ಕಳು ನಿಮ್ಮನ್ನ ಪ್ರಶ್ನೆ ಮಾಡಬಾರದು. ಅದಕ್ಕೆ ಬರೆದಿಡೋಣ.” ಇದು ನಿಜವೂ ಹೌದು. ಇಷ್ಟಕ್ಕೇ ಮುಖ ಗಂಟು ಹಾಕಿಕೊಂಡರೆ ಮನೆ ಕೊಡಬೇಡಿ.

ಅಗ್ರಿಮೆಂಟ್

ಹನ್ನೊಂದು ತಿಂಗಳಿಗೆ ಬರೆಸುತ್ತಾರೆ, ಯಾಕೆಂದರೆ ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯ. ಮೂರು ವರ್ಷಕ್ಕೆ ಅಂತ ಬರೆದು ನೋಂದಣಿ ಮಾಡಿಸದೆ ಬಿಟ್ಟರೆ ಆ ಷರತ್ತುಗಳನ್ನು ಕೋರ್ಟು ಸಾಕ್ಷ್ಯವಾಗಿ ನೋಡುವುದಿಲ್ಲ. ನೋಟರಿ ಸೀಲ್ ಬಿದ್ದರೆ ರಿಜಿಸ್ಟರ್ ಆದಂತೆ ಎಂದು ಎಷ್ಟೋ ಜನ ನಂಬಿದ್ದಾರೆ. ಎರಡೂ ಬೇರೆ ಬೇರೆ.

ಟೈಪಿಂಗ್ ಅಂಗಡಿಗಳಲ್ಲಿ ಸಿಗುವ ರೆಡಿ ಫಾರ್ಮ್ಯಾಟನ್ನು ಓದದೆ ಸಹಿ ಹಾಕಬೇಡಿ. ಹಿಂದಿನ ಗಿರಾಕಿಯ ಬೀದಿ ಹೆಸರು, ಇಲ್ಲದ ಕಾರ್ ಪಾರ್ಕಿಂಗ್, ಯಾವುದೋ ಅಂಗಡಿ ಮಳಿಗೆಯ ಷರತ್ತು, ಎಲ್ಲ ಹಾಗೇ ಉಳಿದಿರುತ್ತವೆ. ಹಳೇ ತಾರೀಕಿನ ಸ್ಟಾಂಪ್ ಪೇಪರ್ ತಂದುಕೊಡುತ್ತೇನೆ ಅನ್ನುವವರ ಹತ್ತಿರವಂತೂ ಸುಳಿಯಬೇಡಿ. ಇ-ಸ್ಟಾಂಪಿನ ಮೇಲೆ ಆ ದಿನದ ತಾರೀಕಿನಲ್ಲೇ ಮಾಡಿಸಿ. ಪ್ರತಿ ಸಲ ಅವಧಿ ಮುಗಿದಾಗ ಹೊಸದು ಮಾಡಿಸಿ, ನೆಂಟರು ಇಲ್ಲೇ ಉದಾಸೀನ ಮಾಡುವುದು.

ದುಡ್ಡು

ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಇರಲಿ. 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಠೇವಣಿಯನ್ನು ನಗದಾಗಿ ತೆಗೆದುಕೊಂಡರೆ ಆದಾಯ ತೆರಿಗೆಯವರು ಅಷ್ಟೇ ಮೊತ್ತದ ದಂಡ ಹಾಕಬಹುದು. ಅಮ್ಮನ ಮನೆಯಲ್ಲಿದ್ದು ಎಚ್‌ಆರ್‌ಎ (ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆ) ಮೇಲೆ ತೆರಿಗೆ ವಿನಾಯಿತಿ ಕೇಳುವವರು ಅಮ್ಮನ ಖಾತೆಗೆ ನಿಜವಾಗಿ ದುಡ್ಡು ಹಾಕಬೇಕು, ಅಮ್ಮ ಅದನ್ನು ತಮ್ಮ ಆದಾಯದಲ್ಲಿ ತೋರಿಸಬೇಕು. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಅಮ್ಮನ ಪ್ಯಾನ್ ನಂಬರ್ ಕೊಡಬೇಕು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ವಿನಾಯಿತಿಯೇ ಇಲ್ಲ. ಮನೆಯಲ್ಲೇ ರಸೀದಿ ಗೀಚಿ ಕೊಡುವ ಅಡ್ಡದಾರಿ ಬೇಡ.

ಖಾಲಿ ಮಾಡುವಾಗ

ಚೆನ್ನಾಗಿ ಮುಗಿದರೆ: ಅಡ್ವಾನ್ಸನ್ನು ಬ್ಯಾಂಕಿನಲ್ಲೇ ವಾಪಸ್ ಕೊಟ್ಟು, ಮನೆ ಒಪ್ಪಿಸಿದ್ದಕ್ಕೆ ಎರಡು ಸಾಲು ಬರೆಸಿಕೊಳ್ಳಿ. ಗೃಹಜ್ಯೋತಿಗೆ ಅವರ ಆಧಾರ್ ಜೋಡಿಸಿದ್ದರೆ ಆ ಆರ್‌ಆರ್ ನಂಬರಿನಿಂದ ಡಿ-ಲಿಂಕ್ ಮಾಡಿಸಿ.

ಹೋಗುವುದಿಲ್ಲ ಅಂದರೆ: ಬೀಗ ಒಡೆಯಬೇಡಿ, ನೀರು, ಕರೆಂಟ್ ಕಡಿಯಬೇಡಿ. ಬಲವಂತವಾಗಿ ಹೊರಹಾಕಿದರೆ ಅವರು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ವಾಪಸ್ ಪಡೆಯಬಹುದು. ಮನೆ ನಿಮ್ಮದೇ ಆಗಿದ್ದರೂ ಸರಿ. ಮಗ ಸೊಸೆಯ ವಿಷಯ ಇನ್ನೂ ಸೂಕ್ಷ್ಮ. ಹಿರಿಯ ನಾಗರಿಕರ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಹೋಗಬಹುದು ನಿಜ. ಆದರೆ ಸೊಸೆಯ ವಾಸದ ಹಕ್ಕನ್ನು ಆ ದಾರಿಯಲ್ಲಿ ಸುಲಭವಾಗಿ ತಳ್ಳಿಹಾಕುವಂತಿಲ್ಲ ಎಂದು ಬೆಂಗಳೂರಿನದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅಲ್ಲಿ ವಕೀಲರನ್ನು ಕೇಳದೆ ಒಂದು ಹೆಜ್ಜೆಯೂ ಇಡಬೇಡಿ.

ತಿಂಗಳ ಬಾಡಿಗೆಯ ವಾಸದ ಮನೆಗೆ, ಕರಾರಿನಲ್ಲಿ ಬೇರೆ ಹೇಳಿಲ್ಲದಿದ್ದರೆ, ಕಾನೂನು ಕೇಳುವುದು 15 ದಿನದ ನೋಟಿಸ್. ನೆಂಟರಿಗೆ ಎರಡು ತಿಂಗಳು ಕೊಡಿ, ಮಕ್ಕಳ ಪರೀಕ್ಷೆ ಇದ್ದರೆ ಮುಗಿಯುವವರೆಗೆ ಕೊಡಿ. ಆದರೆ ಬಾಯಿಮಾತಲ್ಲಿ ಹೇಳಿ ಸುಮ್ಮನಾಗಬೇಡಿ. ಸ್ಪೀಡ್ ಪೋಸ್ಟಿನಲ್ಲಿ ರಿಜಿಸ್ಟ್ರೇಷನ್ ಸೇವೆ ಸೇರಿಸಿ ಕಳಿಸಿ, ಅಂಚೆ ರಸೀದಿಯನ್ನು ಅಗ್ರಿಮೆಂಟಿನ ಜೊತೆಗೇ ಇಟ್ಟುಕೊಳ್ಳಿ.