ಸೀಮೆಬದನೆ ಬಳ್ಳಿಯದು, ಹೊಂಡೆ ಮರದ್ದು

ಹಸಿರಾಗಿದೆ, ಮೊಟ್ಟೆಯ ಹಾಗಿದೆ, ಮುಷ್ಟಿಯಲ್ಲಿ ಹಿಡಿಸುತ್ತದೆ. ಇಷ್ಟನ್ನೇ ನೋಡಿ ಕಾಯಿ ಯಾವುದೆಂದು ಹೇಳಿಬಿಡುವ ಈಗಿನವರನ್ನು ಕಂಡರೆ ನನಗೆ ಸಿಟ್ಟೂ ಬರುತ್ತದೆ, ಹೆದರಿಕೆಯೂ ಆಗುತ್ತದೆ. ರಜೆಗೆ ಬಂದವರು ಕಾಳಿ ನದಿಯ ದಂಡೆಗೋ ಅಘನಾಶಿನಿಯ ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಬದಿಗೋ ತಿರುಗಾಡಲು ಹೋಗುತ್ತಾರೆ, ಬರುವಾಗ ಚೀಲದಲ್ಲಿ ನಾಲ್ಕು ಕಾಯಿ. "ಸೀಮೆಬದನೆ ನೀರಿನ ಬದಿಗೂ ಆಗ್ತದಾ ಅಜ್ಜಿ?" ಎನ್ನುತ್ತ ತಂದು ಮೆಟ್ಟುಗತ್ತಿಯ ಪಕ್ಕದಲ್ಲೇ ಇಡುತ್ತಾರೆ. ಆಗುವುದಿಲ್ಲ ಮಗಾ. ಅದು ಹೊಂಡೆಕಾಯಿ. ಕೆಲವರು ಚಂಡೆ ಎನ್ನುತ್ತಾರೆ, ಕೇರಳದವರಿಗೆ ಒದಳ, ಪುಸ್ತಕದಲ್ಲಿ ಸೆರ್ಬೆರಾ ಒಡೋಲಮ್. ವಿಷದ ಕಾಯಿ. ಅಡುಗೆಮನೆಯ ಹೊಸ್ತಿಲು ದಾಟಬಾರದು.

ಕಾಯಿಯನ್ನು ನೋಡುವ ಮೊದಲು ಅದು ಎಲ್ಲಿ ತೂಗುತ್ತಿತ್ತು ಎಂದು ನೋಡಬೇಕು. ಸೀಮೆಬದನೆ ಸೌತೆ, ಹಾಗಲ, ಸೋರೆಯ ಬಳಗದ ಬಳ್ಳಿ. ಸುರುಳಿ ಸುತ್ತಿದ ಎಳೆಗಳಿಂದ ಚಪ್ಪರವನ್ನು ಹಿಡಿದು ಹತ್ತುತ್ತದೆ. ಎಲೆ ಅಗಲ, ಸೌತೆ ಎಲೆಯ ಹಾಗೆ ಕೈಗೆ ಒರಟು. ಮೂಲ ಮೆಕ್ಸಿಕೋ ಕಡೆಯದು, ನಮ್ಮಲ್ಲಿ ಯಾರಾದರೂ ನೆಟ್ಟರೆ ಮಾತ್ರ ಉಂಟು. ಹೊಂಡೆಯಾದರೋ ಗಟ್ಟಿ ಕಾಂಡದ ಮರ. ಉಪ್ಪುನೀರು ಏರಿಳಿಯುವ ಅಳಿವೆ, ಜೌಗು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹಿಂದಿನ ದಂಡೆ, ಹೆಚ್ಚಾಗಿ ಇಂಥಲ್ಲೇ ಅದರ ವಾಸ. ಎಲೆ ಉದ್ದಕ್ಕೆ, ನುಣುಪಾಗಿ ಹೊಳೆಯುತ್ತದೆ, ಕೊಂಬೆಯ ತುದಿಯಲ್ಲಿ ಗೊಂಚಲಾಗಿ ಕೂತಿರುತ್ತದೆ. ಹೂ ಬಿಳಿ, ನಡುವೆ ಹಳದಿ, ಪರಿಮಳವೂ ಉಂಟು. ಕಣಗಿಲೆ, ದೇವಕಣಗಿಲೆಯ ಬಳಗ ಅದು. ಹೂ ಚೆಂದವೆಂದು ಮಕ್ಕಳ ಕೈಗೆ ಕೊಯ್ದು ಕೊಡಬೇಡಿ, ತೊಟ್ಟಿನ ಹಾಲು ಕಣ್ಣಿಗೆ ತಾಗಿದರೆ ಉರಿ.

ಮರದ ಕೆಳಗೆ ಬಿದ್ದದ್ದು, ನೀರಿನಲ್ಲಿ ತೇಲಿ ಬಂದದ್ದು ಸಿಕ್ಕಿತು ಎನ್ನಿ. ಆಗ ಕಾಯಿಯನ್ನೇ ನೋಡಬೇಕಾಗುತ್ತದೆ. ಸೀಮೆಬದನೆಯ ಮೈಮೇಲೆ ಉದ್ದುದ್ದ ಗೆರೆಬಿದ್ದ ತಗ್ಗುಗಳಿರುತ್ತವೆ. ತೊಟ್ಟಿನ ಕಡೆ ಸಪೂರ, ಕೆಳಗೆ ದಪ್ಪ. ಕೆಳತುದಿಯಲ್ಲಿ ಹಲ್ಲಿಲ್ಲದ ಬಾಯಿ ಮುಚ್ಚಿದಂತೆ ಒಂದು ಮಡಿಕೆ. ಆ ಮಡಿಕೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಒಮ್ಮೆ ಮುಟ್ಟಿದವರು ಮರೆಯುವುದಿಲ್ಲ. ಹೊಂಡೆಕಾಯಿಗೆ ಆ ಬಾಯಿಯೇ ಇಲ್ಲ. ನುಣ್ಣಗೆ, ಗುಂಡಗೆ, ಮಾವಿನಕಾಯಿಯ ಹಾಗೆ ಇರುತ್ತದೆ. ಒಳಗೆ ಸೀಮೆಬದನೆ ಇಡೀ ನೀರುತುಂಬಿದ ತಿರುಳು, ನಡುವೆ ಚಪ್ಪಟೆಯಾದ ಒಂದೇ ಮೆತ್ತನೆ ಬೀಜ. ಹೊಂಡೆಗೆ ತೆಳು ತಿರುಳಿನ ಕೆಳಗೆ ತೆಂಗಿನಕಾಯಿಯ ಸಿಪ್ಪೆಯಂಥ ನಾರು, ಅದರೊಳಗೆ ಬೀಜ. ಸೀಮೆಬದನೆಯಲ್ಲಿ ಬೀಜವೇ ಬಲು ರುಚಿ, ಹೊಂಡೆಯಲ್ಲಿ ಬೀಜವೇ ಕಡು ವಿಷ. ಅದರಲ್ಲಿರುವ ಸೆರ್ಬೆರಿನ್ ಎಂಬ ವಸ್ತು ಹೃದಯದ ಬಡಿತವನ್ನೇ ಕೆಡಿಸುತ್ತದೆ. ಬೇಯಿಸಿದರೆ ಹೋದೀತು, ಉಪ್ಪಿನಲ್ಲಿ ಹಾಕಿದರೆ ಹೋದೀತು ಎಂಬ ಮಾತು ಯಾರಾದರೂ ಹೇಳಿದರೆ ಕೇಳಬೇಡಿ. ಕಚ್ಚಿ ನೋಡಿ ಗುರುತಿಸುತ್ತೇನೆ ಎನ್ನುವುದಂತೂ ಶುದ್ಧ ದಡ್ಡತನ. ಅನುಮಾನ ಬಂತೋ, ಕೊಯ್ಯುವುದೂ ಬೇಡ, ಮಕ್ಕಳ ಕೈಗೆ ಸಿಗದಂತೆ ಹೊಂಡ ತೋಡಿ ಹುಗಿಯಿರಿ, ಕೈ ತೊಳೆಯಿರಿ. ದಂಡೆಯ ಮೇಲೆ ಒಣಗಿ ಹಗುರಾದ ನಾರಿನ ಚೆಂಡು ಸಿಗುತ್ತದಲ್ಲ, ಅದನ್ನು ಶೋಕೇಸಿನಲ್ಲಿ ಇಡಲು ತರುತ್ತಾರೆ. ಅದೂ ಹೊಂಡೆಯೇ. ಒಳಗೆ ಬೀಜ ಹಾಗೇ ಇರಬಹುದು, ತರಬೇಡಿ.

ಉಪ್ಪಿನಕಾಯಿಯ ಮಾವಿನಮಿಡಿಯ ಕಾಲದಲ್ಲಿ ಇನ್ನೂ ಜಾಗ್ರತೆ. ಅಪ್ಪೆಮಿಡಿಯ ಒಳ್ಳೊಳ್ಳೆಯ ಮರಗಳು ಹೊಳೆಯ ಬದಿಗೇ ಇರುವುದು. ಕೆಳಗೆ ಅಳಿವೆಯ ಕಡೆ ಇಳಿದರೆ ಹೊಂಡೆಯ ಎಲೆ ದೂರಕ್ಕೆ ಮಾವಿನೆಲೆಯಂತೆಯೇ ಕಾಣುತ್ತದೆ. ಎಲೆಯನ್ನು ಜಜ್ಜಿ ಮೂಸಿ ನೋಡಿ: ಮಾವಾದರೆ ಮಾವಿನ ವಾಸನೆ ಬಂದೇ ಬರುತ್ತದೆ. ಹೊಂಡೆಯಾದರೆ ಎಲೆ ಮುರಿದಲ್ಲಿ ಬಿಳಿ ಹಾಲು ಸುರಿಯುತ್ತದೆ. ಮಿಡಿಯ ಮಾತು ಬಂತೆಂದು ಹೇಳುತ್ತೇನೆ, ತೊಟ್ಟಿನ ಸಮೇತವೇ ಕೊಯ್ಯಿರಿ. ಕೋಲಿನಲ್ಲಿ ಬಡಿದು ನೆಲಕ್ಕೆ ಕೆಡವಿದ ಮಿಡಿ ಉಪ್ಪಿನಲ್ಲಿ ಮೆತ್ತಗಾಗಿ ಇಡೀ ಭರಣಿಯನ್ನೇ ಹಾಳುಮಾಡುತ್ತದೆ. ಆಮೇಲೆ ಉಪ್ಪು ಕಡಿಮೆಯಾಯಿತು ಎಂದು ಉಪ್ಪಿನ ಮೇಲೆ ತಪ್ಪು ಹೊರಿಸುತ್ತಾರೆ.

ಈಗ ಸೊನೆಯ ವಿಷಯ. ಸೀಮೆಬದನೆ ಹೆಚ್ಚಿದ ಮೇಲೆ "ಕೈಯೆಲ್ಲ ಬಿಗೀತದೆ, ಸಿಪ್ಪೆ ಏಳ್ತದೆ, ಇದೂ ವಿಷವೇ ಇರಬೇಕು" ಎಂದು ಕೆಲವರು ಕಾಯನ್ನೇ ಬಿಟ್ಟಿದ್ದಾರೆ. ವಿಷವಲ್ಲ, ಸೊನೆ ತೆಗೆಯಲು ಬಾರದ್ದು. ಸಂತೆಯಿಂದ ತಂದ ಕಾಯನ್ನು ನೇರ ಸಿಪ್ಪೆ ಹೆರೆಯಲು ಕೂತರೆ ಕೈ ಬಿಗಿಯದೆ ಏನಾಗುತ್ತದೆ? ಹೀಗೆ ಮಾಡಿ. ಮೊದಲು ಎರಡೂ ಅಂಗೈಗೆ ಎರಡು ಹನಿ ತೆಂಗಿನೆಣ್ಣೆ ಸವರಿ. ಕಾಯಿ ತೊಳೆದು ಒರೆಸಿ, ಸಿಪ್ಪೆ ತೆಗೆಯಬೇಡಿ. ತೊಟ್ಟಿನ ಕಡೆ ಹೆಬ್ಬೆರಳಿನ ಉಗುರಿನಷ್ಟು ತುಂಡು ಕೊಯ್ಯಿರಿ. ಆ ತುಂಡನ್ನು ಎಸೆಯಬೇಡಿ, ಕೊಯ್ದ ಮುಖಕ್ಕೇ ಇಟ್ಟು ಗುಂಡಗೆ ತಿಕ್ಕಿ. ಅವಸರ ಬೇಡ, ಒತ್ತಿ ತಿಕ್ಕಬೇಕು. ಮೊದಲು ನೀರಿನಂಥ ಸೊನೆ ಅಂಚಿನಲ್ಲಿ ಹನಿಹನಿಯಾಗಿ ಕೂರುತ್ತದೆ, ತಿಕ್ಕುತ್ತ ಹೋದಂತೆ ಅಂಟಂಟಾದ ಬಿಳಿ ನೊರೆಯಾಗುತ್ತದೆ. ಅದನ್ನು ಕತ್ತಿಯ ಬೆನ್ನಿನಿಂದ ಒರೆಸಿ ತೆಗೆದು ಮತ್ತೆ ತಿಕ್ಕಿ. ನೊರೆ ಕಡಿಮೆಯಾದ ಮೇಲೆ ಆ ಮುಖದಿಂದ ಎಲೆಯಷ್ಟು ತೆಳುವಾಗಿ ಇನ್ನೊಂದು ಬಿಲ್ಲೆ ಕೊಯ್ದು ಎಸೆಯಿರಿ. ಕೆಳತುದಿಗೂ ಇದೇ ಕೆಲಸ. ಇಲ್ಲಿಗೇ ನಿಲ್ಲಿಸುತ್ತಾರೆ ಎಲ್ಲರೂ, ಅದೇ ತಪ್ಪು. ಸೊನೆ ಜಾಸ್ತಿ ಇರುವುದು ಸಿಪ್ಪೆಯ ಕೆಳಗೇ, ಸುತ್ತಲೂ. ಆದ್ದರಿಂದ ಕಾಯನ್ನು ಉದ್ದಕ್ಕೆ ಎರಡು ಹೋಳು ಮಾಡಿ ಹೋಳಿಗೆ ಹೋಳು ತಾಗಿಸಿ ತಿಕ್ಕಬೇಕು, ಅಂಚು ಅಂಚಿಗೆ ಸೇರುವಂತೆ. ಆಮೇಲೆ ಉಪ್ಪು ಹಾಕಿದ ನೀರಿನಲ್ಲಿ ಒಲೆಯ ಮೇಲಿನ ಬೇಳೆ ಬೇಯುವಷ್ಟು ಹೊತ್ತು ಮುಳುಗಿಸಿಡಿ. ಸಿಪ್ಪೆ ಹೆರೆಯುವುದು ಆ ನೀರಿನಲ್ಲೇ, ತಗ್ಗಿನ ಗೆರೆ ಹಿಡಿದು ನಾಲ್ಕು ಭಾಗ ಮಾಡಿಕೊಂಡರೆ ತಗ್ಗಿನೊಳಗಿನ ಸಿಪ್ಪೆಯೂ ಸಲೀಸಾಗಿ ಬರುತ್ತದೆ. ಇಷ್ಟಾಗಿಯೂ ಕೈಗೆ ಅಂಟಿದರೆ ಬರೀ ನೀರಿನಲ್ಲಿ ಉಜ್ಜಬೇಡಿ, ಇನ್ನೂ ಬಿಗಿಯುತ್ತದೆ. ಎಣ್ಣೆ ಹಚ್ಚಿ ತಿಕ್ಕಿ, ಆಮೇಲೆ ಸಾಬೂನು.

ಇಲ್ಲೊಂದು ಮಾತು ಸರಿಯಾಗಿ ಕೇಳಿಕೊಳ್ಳಿ. ಸೀಮೆಬದನೆಯ ಸೊನೆ ಬಿಳಿಯಾಗುವುದು ತಿಕ್ಕಿದ ಮೇಲೆ. ಹೊಂಡೆಯ ಹಾಲು ತಿಕ್ಕದೆಯೇ, ತೊಟ್ಟು ಮುರಿದ ಕೂಡಲೇ ಬಿಳಿಯಾಗಿಯೇ ಹನಿಯುತ್ತದೆ. ಹಾಗೆಂದು ಸಿಕ್ಕಿದ ಕಾಯನ್ನೆಲ್ಲ ತಂದು ತಿಕ್ಕಿ ಪರೀಕ್ಷೆ ಮಾಡಲು ಹೊರಡಬೇಡಿ. ತಿಕ್ಕುವುದು ಸೀಮೆಬದನೆಯೆಂದು ಖಾತ್ರಿಯಾದ ಕಾಯಿಗೆ.

ಮಕ್ಕಳು ಹೊಂಡೆಯನ್ನು ಕಚ್ಚಿದರು ಅಂತಾದರೆ ಬಾಯೊಳಗಿದ್ದದ್ದನ್ನು ಉಗಿಸಿ, ಬಾಯಿ ತೊಳೆಸಿ, 108ಕ್ಕೆ ಫೋನ್ ಮಾಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಮಜ್ಜಿಗೆ ಕುಡಿಸಿ ಮಲಗಿಸುವುದು ಎರಡೂ ಬೇಡ. ವಾಂತಿ, ಹೊಟ್ಟೆನೋವು ಶುರುವಾಗಲಿ ಎಂದು ಕಾಯುವುದೂ ಬೇಡ. ನಾಡಿ ನಿಧಾನವಾಗುವುದು ಆಸ್ಪತ್ರೆಯಲ್ಲಿ ಇಸಿಜಿ ಇಟ್ಟು ನೋಡುವ ವಿಷಯ. ಕಾಯಿಯನ್ನೋ ಎಲೆಯನ್ನೋ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೊತೆಗೇ ಒಯ್ಯಿರಿ, ಡಾಕ್ಟರಿಗೆ ತೋರಿಸಲು. ಹೊಂಡೆ ಕೊಯ್ದ ಕತ್ತಿಯನ್ನು ಸಾಬೂನು ಹಾಕಿ ಬೇರೆಯಾಗಿಯೇ ತೊಳೆಯಿರಿ.

ಬಳ್ಳಿಯದೆಲ್ಲ ಒಳ್ಳೆಯದು ಎಂದೂ ತಿಳಿಯಬೇಡಿ. ಸೋರೆಕಾಯಿ ಕಹಿಯಿದ್ದರೆ ಎಸೆಯಿರಿ, ಬೆಲ್ಲ ಹಾಕಿ ಸರಿಮಾಡಲು ಹೋಗಬೇಡಿ. ಕಹಿ ಸೋರೆಯೂ ವಿಷವೇ.

ಹೆರೆದ ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಹಾಕುವವರಿಗೆ ಏನು ಹೇಳಲಿ. ಎಣ್ಣೆಯಲ್ಲಿ ಬಾಡಿಸಿ, ಉದ್ದಿನಬೇಳೆ, ಒಣಮೆಣಸು ಹುರಿದು, ಕಾಯಿತುರಿ, ಹುಳಿ, ಬೆಲ್ಲದ ಚೂರು ಸೇರಿಸಿ ರುಬ್ಬಿದರೆ ಬಿಸಿ ಅನ್ನಕ್ಕೆ ಅದೊಂದೇ ಸಾಕು. ತಿರುಳು ಹುಳಿಗೆ, ಪಲ್ಯಕ್ಕೆ. ಎಳೆಯದಾದರೆ ತುರಿದು ಮೊಸರು, ಸಾಸಿವೆ ಹಾಕಿ ಸಾಸ್ಮೆ.

ಕಾರವಾರದ ರವಿವಾರದ ಸಂತೆಯಲ್ಲಿ ಕೊಂಡ ಕಾಯಿಗಳಲ್ಲಿ ಬಲಿತದ್ದೊಂದನ್ನು ಅಕ್ಕಿ ಡಬ್ಬಿಯ ಪಕ್ಕ ಕತ್ತಲಲ್ಲಿ ಇಟ್ಟರೆ ಕೆಳಗಿನ ಬಾಯಿಯಿಂದಲೇ ಮೊಳಕೆ ಹೊರಬರುತ್ತದೆ. ಬೀಜ ಬೇರೆ ಮಾಡಬೇಡಿ, ಇಡೀ ಕಾಯನ್ನೇ ನೆಡಬೇಕು. ಮಲಗಿಸಿ, ಮೊಳಕೆಯ ತುದಿ ಮೇಲಿರುವಂತೆ, ಅರ್ಧ ಮಾತ್ರ ಮಣ್ಣಿನಲ್ಲಿ. ಪೂರ್ತಿ ಹುಗಿದರೆ ನಮ್ಮ ಮಳೆಗೆ ಕೊಳೆಯುತ್ತದೆ. ನೀರು ನಿಲ್ಲದ ಏರು ಜಾಗ, ಹಟ್ಟಿಗೊಬ್ಬರ, ಕೈಯೆತ್ತಿದರೆ ಎಟುಕುವ ಗಟ್ಟಿ ಚಪ್ಪರ. ಶಿರಸಿ ಕಡೆಯ ತಂಪಿಗೆ ಚೆನ್ನಾಗಿ ಹಬ್ಬುತ್ತದೆ. ಕರಾವಳಿಯ ಸೆಕೆಗೆ ಸ್ವಲ್ಪ ಬಾಡುವುದರಿಂದ ಮಧ್ಯಾಹ್ನದ ಬಿಸಿಲು ತಪ್ಪುವ ಕಡೆ, ಬಾವಿಕಟ್ಟೆಯ ಬದಿಗೆ ನೆಡಿ. ಕಾಯಿ ಬಿಡಲು ನಾಲ್ಕೈದು ತಿಂಗಳು ಬೇಕು.